ಲಂಡನ್ನಿನಿಂದ ಒಂದು ದಿನಕ್ಕೆ ವಿಂಚೆಸ್ಟರ್: ಏನು ನೋಡಬೇಕು, ಏನು ಬಿಡಬಹುದು

ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದಾಗ ಒಂದು ದಿನದಲ್ಲಿ ನೋಡಿ ಬರಬಹುದಾದ ಹಳೆಯ ಕ್ಯಾಥೆಡ್ರಲ್ ನಗರ ಯಾವುದು, ಅದೇ ದಿನ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಗಳ ವೃತ್ತವನ್ನೂ ನೋಡಲು ಸಾಧ್ಯವೇ ಎಂದು ತಾವು ಕೇಳಿದ್ದೀರಿ. ವಿಂಚೆಸ್ಟರಿಗೆ ಹೋಗಿ ಎಂಬುದು ನನ್ನ ಉತ್ತರ; ಸ್ಟೋನ್‌ಹೆಂಜನ್ನು ಮಾತ್ರ ದಯವಿಟ್ಟು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ರಜೆಯಲ್ಲಿ ಹೋಗಿದ್ದಾಗ ಬೆಳಗಿನಿಂದ ಸಂಜೆಯವರೆಗೂ ಆ ಊರಿನಲ್ಲಿಯೇ ಇದ್ದೆವು. ಅವಸರದಲ್ಲಿ ಸುತ್ತಿಬರುವವರಿಗೆ ಅಲ್ಲಿನ ಅತ್ಯಂತ ಒಳ್ಳೆಯ ಸಂಗತಿಗಳೇ ಕಾಣದೆ ಹೋಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಇಳಿದ ಮೇಲೆ ಕ್ಯಾಥೆಡ್ರಲ್‌ಗೆ ನಡೆದೇ ಹೋಗಬಹುದು. 1079ರಲ್ಲಿ ನಾರ್ಮನ್ನರ ಕಾಲದಲ್ಲಿ ಕಟ್ಟಲಾರಂಭಿಸಿದ ಈ ಕಟ್ಟಡದ ಉದ್ದ ಸುಮಾರು 170 ಮೀಟರ್. ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಕಣ್ಣು ಮೇಲಿನ ಚಾವಣಿಗೆ ಹೋಗುತ್ತದೆ. ಆದರೆ ಈ ಕ್ಯಾಥೆಡ್ರಲ್‌ನ ನಿಜವಾದ ಕಥೆ ಇರುವುದು ನೆಲದ ಕೆಳಗೆ.

ಇಚೆನ್ ನದಿಯ ಕಣಿವೆಯ ಜೌಗು ನೆಲದ ಮೇಲೆ ಇಷ್ಟು ಭಾರದ ಕಲ್ಲುಕಟ್ಟಡ ನಿಂತಿದೆ. ಅದರ ಪೂರ್ವ ಭಾಗವನ್ನು 13ನೆಯ ಶತಮಾನದ ಆರಂಭದಲ್ಲಿ ವಿಸ್ತರಿಸಿದವರು ಬೀಚ್ ಮರದ ದಿಮ್ಮಿಗಳನ್ನು ಹಾಸಿ ಅದರ ಮೇಲೆಯೇ ಗೋಡೆ ಎಬ್ಬಿಸಿದ್ದರು. ಶತಮಾನಗಳು ಕಳೆದಂತೆ ಆ ಭಾಗ ಕುಸಿಯುತ್ತ ಬಂದು, 1905ರ ಹೊತ್ತಿಗೆ ಗೋಡೆಗಳು ವಾಲಿ ದೊಡ್ಡ ಬಿರುಕುಗಳು ಕಾಣಿಸಿಕೊಂಡವು. ಗಟ್ಟಿಯಾದ ಜಲ್ಲಿಯ ಪದರ ಸಿಗುವವರೆಗೆ ಗುಂಡಿ ತೋಡಿ ಹೊಸ ಅಡಿಪಾಯ ಹಾಕೋಣವೆಂದರೆ, ತೋಡಿದ ಗುಂಡಿಗಳಲ್ಲೆಲ್ಲ ಅಂತರ್ಜಲ ನುಗ್ಗಿ ಬರುತ್ತಿತ್ತು. ಪಂಪು ಹಚ್ಚಿ ಎತ್ತಿದರೆ ನೀರಿನೊಂದಿಗೆ ಗೋಡೆಗಳ ಅಡಿಯ ಮಣ್ಣೂ ಕೊಚ್ಚಿ ಬರುವ ಅಪಾಯವಿತ್ತು. ಆಗ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಅವರ ಸಲಹೆಯಂತೆ ವಿಲಿಯಂ ವಾಕರ್ ಎಂಬ ಮುಳುಗು ತಜ್ಞರನ್ನು ಕರೆಸಲಾಯಿತು. ವಾಕರ್ 1906ರಿಂದ 1911ರವರೆಗೆ ಸುಮಾರು ಆರು ಮೀಟರ್ ಆಳದ ಕೆಸರುನೀರಿಗೆ ಇಳಿದು, ಏನೂ ಕಾಣದ ಕತ್ತಲಿನಲ್ಲಿ ಕೈಯಿಂದ ತಡವಿಕೊಂಡೇ ಕಾಂಕ್ರೀಟಿನ ಚೀಲಗಳನ್ನು ಜೋಡಿಸಿ ಗುಂಡಿಯ ತಳವನ್ನು ಮುಚ್ಚುತ್ತಿದ್ದರು. ಆಮೇಲೆ ನೀರನ್ನು ಹೊರಹಾಕಿ ಗಾರೆಯವರು ಕೆಲಸ ಮುಂದುವರಿಸುತ್ತಿದ್ದರು. ಮುಳುಗು ಉಡುಪು ಎಷ್ಟು ಭಾರವಾಗಿತ್ತೆಂದರೆ, ಊಟಕ್ಕೆ ಮೇಲೆ ಬಂದಾಗ ಅವರು ಶಿರಸ್ತ್ರಾಣವನ್ನಷ್ಟೇ ಕಳಚಿ, ಉಳಿದದ್ದನ್ನು ತೊಟ್ಟುಕೊಂಡೇ ಉಣ್ಣುತ್ತಿದ್ದರಂತೆ. ಇಂಥ ಮನುಷ್ಯನಿಗೆ ಗೌರವವೆಂದು 1964ರಲ್ಲಿ ನಿಲ್ಲಿಸಿದ ಪ್ರತಿಮೆಗೆ ತಪ್ಪಾಗಿ ಫಾಕ್ಸ್ ಅವರ ಮುಖವನ್ನು ಕೊಡಲಾಗಿತ್ತು. ವಾಕರ್ ಅವರದೇ ಮುಖವುಳ್ಳ ಪ್ರತಿಮೆ ಬಂದದ್ದು 2001ರಲ್ಲಿ. ಅದನ್ನು ಹುಡುಕಿ ನೋಡಿ.

ಆದ್ದರಿಂದ ಒಳಗೆ ಹೋದೊಡನೆ ಕ್ರಿಪ್ಟ್ ಎಂದು ಕರೆಯುವ ನೆಲಮಾಳಿಗೆ ತೆರೆದಿದೆಯೇ ಎಂದು ವಿಚಾರಿಸಿ. ಮಳೆ ಹೆಚ್ಚಿರುವ ತಿಂಗಳುಗಳಲ್ಲಿ ಅಲ್ಲಿ ಈಗಲೂ ನೀರು ತುಂಬಿಕೊಳ್ಳುತ್ತದೆ. ಶಿಲ್ಪಿ ಆಂಟನಿ ಗಾರ್ಮ್ಲಿ ರಚಿಸಿದ, ಬೊಗಸೆಯನ್ನೇ ನೋಡುತ್ತ ನಿಂತ ಆಳೆತ್ತರದ ಮಾನವಾಕೃತಿಯೊಂದು ಅಲ್ಲಿದೆ. ನೀರು ಏರಿದಾಗ ಅದು ಮೊಣಕಾಲುಮಟ್ಟ ಮುಳುಗಿರುವುದನ್ನು ಕಾಣಬಹುದು.

ಮೇಲೆ ಬಂದ ಮೇಲೆ ಪಶ್ಚಿಮದ ದೊಡ್ಡ ಕಿಟಕಿಯ ಎದುರು ಸ್ವಲ್ಪ ಹೊತ್ತು ನಿಲ್ಲಿ. 1642ರಲ್ಲಿ ಅಂತರ್ಯುದ್ಧದ ಕಾಲದಲ್ಲಿ ಪಾರ್ಲಿಮೆಂಟ್ ಪಕ್ಷದ ಸೈನಿಕರು ಒಡೆದು ಹಾಕಿದ ಬಣ್ಣದ ಗಾಜಿನ ಚೂರುಗಳನ್ನು ಆಮೇಲೆ ಚಿತ್ರದ ಹಂಗಿಲ್ಲದೆ ಸಿಕ್ಕಂತೆ ಜೋಡಿಸಿದ್ದಾರೆ. ಉತ್ತರದ ಪಡಸಾಲೆಯಲ್ಲಿ ಜೇನ್ ಆಸ್ಟೆನ್ ಅವರ ಸಮಾಧಿಯಿದೆ. 1817ರಲ್ಲಿ ಇದೇ ಊರಿನ ಕಾಲೇಜ್ ಸ್ಟ್ರೀಟಿನ ಮನೆಯಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಮಾಧಿಯ ಕಲ್ಲು ಅವರ ಸದ್ಗುಣಗಳನ್ನು ಹೊಗಳುತ್ತದೆಯೇ ಹೊರತು ಕಾದಂಬರಿಗಳ ಮಾತೆತ್ತುವುದಿಲ್ಲ. ಅದನ್ನು ಓದುವಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಊರಿನ ಹಳೆಯ ಕೋಟೆಯ ಸಭಾಂಗಣವಾದ ಗ್ರೇಟ್ ಹಾಲ್‌ನಲ್ಲಿ ತೂಗುಹಾಕಿರುವ, ದಂತಕಥೆಯ ಆರ್ಥರ್ ರಾಜನದೆಂದು ಹೇಳುವ ದುಂಡುಮೇಜಿಗೆ ಅರ್ಧ ಗಂಟೆ ಸಾಕು; ಅದು 13ನೆಯ ಶತಮಾನದಲ್ಲಿ ಮಾಡಿಸಿದ್ದು, ಅದರ ಮೇಲಿನ ಬಣ್ಣ ಎಂಟನೆಯ ಹೆನ್ರಿಯ ಕಾಲದ್ದು. ಮಧ್ಯಾಹ್ನವನ್ನು ನದಿಯಂಚಿನ ಹುಲ್ಲುಗಾವಲುಗಳಿಗೆ ಮೀಸಲಿಡಿ. ಸಮತಟ್ಟಾದ ಆ ದಾರಿಯಲ್ಲಿ ನಿಧಾನವಾಗಿ ನಡೆದರೂ ಅರ್ಧ ಗಂಟೆಯ ಆಸುಪಾಸಿನಲ್ಲಿ ಸೇಂಟ್ ಕ್ರಾಸ್ ತಲಪುತ್ತೀರಿ. ಬಡವರ ಆಶ್ರಯಕ್ಕೆಂದು 12ನೆಯ ಶತಮಾನದಲ್ಲಿ ಸ್ಥಾಪನೆಯಾದ ಈ ಧರ್ಮಶಾಲೆಯಲ್ಲಿ ಇಂದಿಗೂ ವೃದ್ಧರು ವಾಸಿಸುತ್ತಾರೆ. ದಾರಿಹೋಕರು ಬಾಗಿಲಲ್ಲಿ ಕೇಳಿದರೆ ಒಂದು ತುಂಡು ಬ್ರೆಡ್ಡನ್ನೂ ಸ್ವಲ್ಪ ಬಿಯರನ್ನೂ ಕೊಡುವ ಪದ್ಧತಿ ಉಳಿದುಬಂದಿದೆ. ನಮ್ಮ ಮಠಗಳ ದಾಸೋಹವನ್ನು ಕಂಡವರಿಗೆ ಇದು ಹೊಸದೆನಿಸದು. ತಾವೇ ಬಾಯಿಬಿಟ್ಟು ಕೇಳಬೇಕು ಎಂಬುದನ್ನು ಮರೆಯಬೇಡಿ, ಮತ್ತು ಭೇಟಿಯ ವೇಳೆಯನ್ನು ಮೊದಲೇ ನೋಡಿಕೊಳ್ಳಿ.

ಸಂಜೆಗೆ ಕ್ಯಾಥೆಡ್ರಲ್‌ಗೆ ಮರಳಿ ಎವೆನ್‌ಸಾಂಗ್ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳಿ. ಅದಕ್ಕೆ ಟಿಕೆಟ್ ಬೇಕಿಲ್ಲ, ಯಾವ ಧರ್ಮದವರೂ ಹೋಗಬಹುದು. ಅದು ಮುಗಿದ ಮೇಲೂ ಲಂಡನ್ನಿಗೆ ರೈಲುಗಳಿರುತ್ತವೆ.