ಹಾಸನದಲ್ಲೇ ಇದ್ದುಕೊಂಡು ವಿಡಿಯೋ ಎಡಿಟಿಂಗ್‌ನಲ್ಲಿ ನಮ್ಮದೇ ಸ್ಟೈಲ್ ಮಾಡಿಕೊಳ್ಳೋದು ಹೇಗೆ? ಅದನ್ನೇ ನಂಬಿ ಬದುಕಬಹುದಾ?

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆ ಇವೆ. ಬಿ.ಕಾಂ ಕೊನೆಯ ವರ್ಷದಲ್ಲಿದ್ದೀರಿ, ಮೊಬೈಲಿನಲ್ಲಿ ರೀಲ್ಸ್ ಎಡಿಟ್ ಮಾಡುತ್ತೀರಿ, ಆದರೆ ಎಷ್ಟು ಮಾಡಿದರೂ ಎಲ್ಲರ ವಿಡಿಯೋ ಥರವೇ ಕಾಣುತ್ತದೆ. ಇದು ಒಂದು. ಈ ಕೆಲಸಕ್ಕೆ ಹಾಸನ ಬಿಟ್ಟು ಬೆಂಗಳೂರಿಗೆ ಹೋಗಲೇಬೇಕಾ ಅನ್ನೋದು ಇನ್ನೊಂದು. ನಾನು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೆಲಸ ಮಾಡಿ ಬಂದು, ಈಗ ಹಾಸನದಲ್ಲೇ ಎಡಿಟಿಂಗ್ ಮಾಡುತ್ತಿದ್ದೇನೆ. ಮದುವೆ, ಹೋಮ್‌ಸ್ಟೇ, ಕಾಫಿ ತೋಟದ ವಿಡಿಯೋಗಳು, ಆಗೊಂದು ಈಗೊಂದು ಸಾಕ್ಷ್ಯಚಿತ್ರ. ಮೊದಲನೇ ಪ್ರಶ್ನೆಗೇ ಜಾಸ್ತಿ ಬರೆಯುತ್ತೇನೆ. ಅದು ಸರಿಹೋದರೆ ಎರಡನೆಯದು ಅರ್ಧ ತಾನಾಗಿಯೇ ಬಗೆಹರಿಯುತ್ತದೆ.

ಟ್ರಾನ್ಸಿಷನ್ ಪ್ಯಾಕ್ (ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವ ರೆಡಿಮೇಡ್ ಎಫೆಕ್ಟುಗಳು), ಲಟ್ (ವಿಡಿಯೋದ ಬಣ್ಣವನ್ನು ಒಂದೇ ಸಲಕ್ಕೆ ಬದಲಿಸುವ ರೆಡಿಮೇಡ್ ಫೈಲ್), ಗ್ಲಿಚ್ ಎಫೆಕ್ಟ್ ಎಲ್ಲವೂ ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತವೆ. ಕೆಲವು ಪುಕ್ಕಟೆ ಸಿಗುತ್ತವೆ. ಎಲ್ಲರ ಹತ್ತಿರ ಇರುವುದರಿಂದ ನಿಮ್ಮ ಗುರುತು ಆಗುವುದು ಹೇಗೆ? ನಾನು ನಂಬಿರುವುದು ಇಷ್ಟು: ಎಡಿಟರ್‌ನ ಸ್ಟೈಲ್ ಹುಟ್ಟುವುದು ಸೌಂಡ್‌ನಲ್ಲಿ. ಎಲ್ಲಿ ಕಟ್ ಮಾಡಬೇಕು ಅಂತ ಕಿವಿಯಿಂದ ತೀರ್ಮಾನ ಮಾಡುವವರ ಕೆಲಸ ಬೇರೆಯಾಗಿಯೇ ಕಾಣುತ್ತದೆ.

ನಮ್ಮ ಕಡೆಯ ಒಂದು ಮದುವೆಯನ್ನೇ ತಗೊಳ್ಳಿ. ಮುಹೂರ್ತದ ಹೊತ್ತು. ತುಂಬಾ ಕಡೆ ಮಿಕ್ಸಿಂಗ್ ಮಾಡುವಾಗ ಕ್ಯಾಮೆರಾದ ಸೌಂಡನ್ನು ಪೂರ್ತಿ ಮ್ಯೂಟ್ ಮಾಡಿ, ಮೇಲೆ ಒಂದು ಸಿನಿಮಾ ಹಾಡು ಎಳೆಯುತ್ತಾರೆ. ತಾಳಿ ಕಟ್ಟುವಾಗ ಒಂದು ಸ್ಲೋ ಮೋಷನ್, ಅಕ್ಷತೆ ಬೀಳುವಾಗ ಇನ್ನೊಂದು. ಅದರ ಬದಲು ಹೀಗೆ ಮಾಡಿ ನೋಡಿ. ಹುಡುಗಿ ಇನ್ನೂ ಡ್ರೆಸ್ಸಿಂಗ್ ರೂಮಿನಲ್ಲಿದ್ದಾಳೆ. ಚಿಕ್ಕಮ್ಮ ಬಾಯಲ್ಲಿ ಪಿನ್ ಕಚ್ಚಿಕೊಂಡು ಮೊಗ್ಗಿನ ಜಡೆ ಸರಿ ಮಾಡುತ್ತಿದ್ದಾರೆ. ಚಿತ್ರ ಅಲ್ಲೇ ಇರಲಿ. ಗಟ್ಟಿಮೇಳದ ಡೋಲಿನ ಸದ್ದು ಮಾತ್ರ ಸಣ್ಣಗೆ, ಗೋಡೆಯಾಚೆಯಿಂದ ಬಂದ ಹಾಗೆ ಶುರುವಾಗಲಿ. ಎರಡು ಮೂರು ಸೆಕೆಂಡ್ ಬಿಟ್ಟು ಮಂಟಪಕ್ಕೆ ಕಟ್ ಮಾಡಿ, ಸೌಂಡ್ ಪೂರ್ತಿ ಏರಿಸಿ. ನೋಡುವವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಒಂದು ಎಫೆಕ್ಟೂ ಬಳಸಿಲ್ಲ, ಗಮನಿಸಿ. ಮುಂದಿನ ಶಾಟಿನ ಆಡಿಯೋ ಮೊದಲು ಬಂದು ಚಿತ್ರ ಆಮೇಲೆ ಬರುವ ಇದಕ್ಕೆ ಜೆ-ಕಟ್ ಅಂತಾರೆ. ಎಲ್-ಕಟ್ ಇದರ ಉಲ್ಟಾ. ಚಿತ್ರ ಬದಲಾಗುತ್ತದೆ, ಹಳೆಯ ಸೌಂಡ್ ಮುಂದುವರಿಯುತ್ತದೆ. ಪುರೋಹಿತರ ಮಂತ್ರ ನಡೆಯುತ್ತಿರುವಾಗಲೇ ಎದುರು ಕುರ್ಚಿಯಲ್ಲಿ ಕೂತ ಅಜ್ಜಿಯ ಮುಖಕ್ಕೆ ಹೋಗುತ್ತೀರಲ್ಲ, ಅದು.

ಇನ್ನೊಂದು ಜಾಗ ಇದೆ. ಗಟ್ಟಿಮೇಳ ನಿಂತ ಮೇಲೆ ಛತ್ರದಲ್ಲಿ ಒಂದು ಕ್ಷಣ ಯಾವ ಸದ್ದೂ ಇರುವುದಿಲ್ಲ. ಆಮೇಲೆ ಜನ ಮಾತಾಡಲು, ಕುರ್ಚಿ ಎಳೆಯಲು ಶುರು ಮಾಡುತ್ತಾರೆ. ಆ ಕ್ಷಣವನ್ನು ಹಾಡಿನಿಂದ ಮುಚ್ಚಬೇಡಿ. ಆಯ್ದ ಕ್ಷಣಗಳ ಚಿಕ್ಕ ವಿಡಿಯೋ ಆದ ಇಡೀ ಹೈಲೈಟ್ಸ್‌ನಲ್ಲಿ ಮನೆಯವರು ಮತ್ತೆ ಮತ್ತೆ ನೋಡುವುದು ಅದನ್ನೇ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಮುಖಗಳ ವಿಷಯಕ್ಕೆ ಬಂದರೆ, ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ನಿರ್ದೇಶಕ ಮಾಡಿದ ಪ್ರಯೋಗ ನಿಮಗೆ ಗೊತ್ತಿರಬೇಕು. ಒಬ್ಬ ನಟನ ಒಂದೇ ಮುಖದ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಒಮ್ಮೆ ಒಬ್ಬ ಹೆಂಗಸಿನ ಜೊತೆ ಜೋಡಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಬೇರೆ ಬೇರೆಯಾಗಿ ಕಂಡವು. ಮದುವೆ ವಿಡಿಯೋದಲ್ಲಿ ಇದು ದಿನಾ ಕೆಲಸಕ್ಕೆ ಬರುತ್ತದೆ. ಹುಡುಗಿಯ ಅಪ್ಪ ಕಂಬಕ್ಕೆ ಒರಗಿ ಸುಮ್ನೆ ನಿಂತಿರುವ ಒಂದು ಶಾಟ್ ಇದೆ ಅಂದುಕೊಳ್ಳಿ. ಊಟದ ಹಾಲಿನ ಗದ್ದಲದ ನಂತರ ಹಾಕಿದರೆ ಓಡಾಡಿ ಸುಸ್ತಾದ ಮನುಷ್ಯ. ಧಾರೆ ಎರೆಯುವ ಕೈಗಳ ನಂತರ ಹಾಕಿದರೆ ಮಗಳನ್ನು ಕಳಿಸಿಕೊಡುತ್ತಿರುವ ಅಪ್ಪ. ಮುಖ ಒಂದೇ, ಅದರ ಅರ್ಥ ನಿಮ್ಮ ಕೈಯಲ್ಲಿ. ಅದಕ್ಕೇ ಇದರಲ್ಲಿ ಜವಾಬ್ದಾರಿಯೂ ದೊಡ್ಡದು. ಯಾರದೋ ಆಕಳಿಕೆಯನ್ನು ತಪ್ಪು ಜಾಗದಲ್ಲಿ ಇಟ್ಟರೆ ಆ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ಉಳಿಯುತ್ತದೆ.

ಕಟ್ ಸರಿಯೋ ತಪ್ಪೋ ಅಂತ ನೋಡಲು ಅಮೆರಿಕದ ಎಡಿಟರ್ ವಾಲ್ಟರ್ ಮರ್ಚ್ ಆರು ಅಳತೆ ಹೇಳಿ, ಒಂದೊಂದಕ್ಕೂ ತೂಕ ಕೊಟ್ಟಿದ್ದಾರೆ. ಭಾವನೆಗೆ ಶೇ. 51, ಕಥೆಗೆ 23, ಲಯಕ್ಕೆ 10, ನೋಡುವವರ ಕಣ್ಣು ಪರದೆಯ ಯಾವ ಜಾಗದಲ್ಲಿದೆ ಎಂಬುದಕ್ಕೆ 7. ಚೌಕಟ್ಟಿನ ಹೊಂದಾಣಿಕೆ, ಜಾಗದ ಹೊಂದಾಣಿಕೆ ಎರಡಕ್ಕೂ ಸೇರಿ ಉಳಿದ 9. ರೀಲ್ಸ್ ಮಾಡುವವರು ಬೀಟ್‌ಗೆ ಕಟ್ ಕೂರಿಸುವುದರಲ್ಲೇ ಪೂರ್ತಿ ಶ್ರಮ ಹಾಕುತ್ತಾರೆ, ಅಂದರೆ ಆ 10ಕ್ಕೆ. 51 ಹಾಗೇ ಉಳಿದುಬಿಡುತ್ತದೆ.

ಹಾಗಂತ ಬೇರೆ ಬೇರೆ ಸ್ಟೈಲ್ ಕಲಿಯಬೇಡಿ ಅಂತಲ್ಲ. ಎಲ್ಲವನ್ನೂ ಕಲಿಯಿರಿ, ಯಾವುದು ಯಾಕೆ ಹುಟ್ಟಿತು ಅಂತ ತಿಳಿದು ಕಲಿಯಿರಿ. ಜಂಪ್ ಕಟ್, ಅಂದರೆ ಒಂದೇ ಶಾಟಿನ ನಡುವಿನ ತುಂಡು ತೆಗೆದು ಮುಂದಕ್ಕೆ ಹಾರುವುದು, ಇವತ್ತು ಪ್ರತಿ ಯೂಟ್ಯೂಬರ್ ವಿಡಿಯೋದಲ್ಲೂ ಇದೆ. 1960ರಲ್ಲಿ ಫ್ರಾನ್ಸಿನ ಗೊಡಾರ್ ತಮ್ಮ ಮೊದಲ ಕಥಾಚಿತ್ರದಲ್ಲಿ ಅದನ್ನು ರಾಜಾರೋಷವಾಗಿ ಬಳಸಿದಾಗ ಜನ ಬೆಚ್ಚಿದ್ದರು. ಸಮಯ ಹಾರಿದ್ದು ಗೊತ್ತಾಗಲಿ ಅನ್ನುವ ಕಡೆ ಅದು ಚೆನ್ನ. ಕಟ್ ಆದದ್ದೇ ಗೊತ್ತಾಗಬಾರದು ಅನ್ನುವುದಾದರೆ ಬೇರೆ ದಾರಿ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟ್ ರೈಲು ದಾರಿ ಸುಮಾರು 55 ಕಿ.ಮೀ., ಅದರಲ್ಲಿ 57 ಸುರಂಗ. ರೈಲಿನ ಕಿಟಕಿಯಿಂದ ಶೂಟ್ ಮಾಡುತ್ತಾ ಹೋಗಿ. ಸುರಂಗಕ್ಕೆ ನುಗ್ಗಿ ಪರದೆ ಪೂರ್ತಿ ಕಪ್ಪಾದ ಕಡೆ ಕಟ್ ಮಾಡಿ, ಬೇರೆ ದಿನ ತೆಗೆದ ಬೇರೆ ಸುರಂಗದ ಬಾಯಿಂದ ಹೊರಗೆ ಬನ್ನಿ. ಬಿಸಿಲಲ್ಲಿ ಒಳಗೆ ಹೋದ ರೈಲು ಮಳೆಯಲ್ಲಿ ಹೊರಗೆ ಬರುತ್ತದೆ. ಚಕ್ರದ ಸದ್ದು ಮಾತ್ರ ಎಲ್ಲೂ ತುಂಡಾಗಬಾರದು. ತುಂಡಾದರೆ ಗುಟ್ಟು ರಟ್ಟಾಗುತ್ತದೆ. (ದಯವಿಟ್ಟು ಹಳಿ ಮೇಲೆ ನಡೆದುಕೊಂಡು ಹೋಗಿ ಶೂಟ್ ಮಾಡಬೇಡಿ. ಅಪಾಯ, ಕಾನೂನಿಗೂ ವಿರುದ್ಧ.)

ಕಾಫಿ ತೋಟದ ವಿಡಿಯೋದಲ್ಲಿ ನಾನು ಸ್ಪೀಡ್ ರ‍್ಯಾಂಪ್ ಬಳಸುವುದೇ ಇಲ್ಲ, ಅಂದರೆ ಶಾಟಿನ ವೇಗವನ್ನು ನಡುವೆ ಏರಿಸಿ ಇಳಿಸುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಬೆಳ್ಳಗಾಗುತ್ತವೆ, ಮೂರ್ನಾಲ್ಕು ದಿನಕ್ಕೆ ಆ ಹೂವು ಬಾಡುತ್ತದೆ. ಅಂಥದ್ದನ್ನು ತೋರಿಸುವಾಗ ಓಡಿಸುವುದು ಯಾಕೆ? ಶಾಟ್ ನಿಲ್ಲಲಿ, ಜೇನುಹುಳಗಳ ಸದ್ದು ಕೇಳಲಿ. ಕುಯ್ಲಿನ ಸಮಯದಲ್ಲಿ ಹಣ್ಣು ಚೀಲಕ್ಕೆ ಬೀಳುವ ಸದ್ದು, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಸದ್ದು, ಕಣದಲ್ಲಿ ಒಣಗಿದ ಕಾಫಿಯನ್ನು ಮರದ ಹಲಗೆಯಲ್ಲಿ ಎಳೆಯುವ ಸದ್ದು, ಪ್ರತಿಯೊಂದನ್ನೂ ಒಂದೊಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಫೋನೇ ಸಾಕು. ಎಡಿಟಿಂಗ್ ಟೇಬಲ್ಲಿಗೆ ಬಂದಾಗ ಅದೇ ನಿಮ್ಮ ಆಸ್ತಿ.

ಕಲರ್ ಬಗ್ಗೆ ಒಂದು ಮಾತು. ಕಿತ್ತಳೆ ಮತ್ತು ನೀಲಿ-ಹಸಿರು ಬಣ್ಣದ ರೆಡಿಮೇಡ್ ಲಟ್ ಹಾಕಿದರೆ ನಮ್ಮ ಮಲೆನಾಡಿನ ಹಸಿರು ಸತ್ತು ಹೋಗುತ್ತದೆ. ಅರಿಶಿನ ಶಾಸ್ತ್ರದ ಮುಖಗಳು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತವೆ. ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನಲ್ಲಿ ತೆಗೆದ ಪ್ರೀ-ವೆಡ್ಡಿಂಗ್‌ಗಳು ಒಂದೇ ಥರ ಕಾಣುವುದಕ್ಕೆ ಅರ್ಧ ಕಾರಣ ಇದೇ. ಮೊದಲು ವೈಟ್ ಬ್ಯಾಲೆನ್ಸ್ ಸರಿ ಮಾಡಿ, ಬಿಳಿ ಬಿಳಿಯಾಗಿಯೇ ಕಾಣಲಿ. ಆಮೇಲೆ ಬಣ್ಣ ಅಳೆದು ತೋರಿಸುವ ವೆಕ್ಟರ್‌ಸ್ಕೋಪಿನಲ್ಲಿ ಸ್ಕಿನ್ ಟೋನ್ ಲೈನ್ (ಚರ್ಮದ ಬಣ್ಣ ಇರಬೇಕಾದ ಗೆರೆ) ನೋಡಿಕೊಂಡು ಮುಖದ ಬಣ್ಣ ಸರಿ ಮಾಡಿ. ಉಳಿದದ್ದು ಅದಾದ ಮೇಲೆ.

ಶೂಟಿಂಗ್‌ನಲ್ಲೇ ಸರಿಯಾಗಬೇಕಾದ ಒಂದು ತಾಂತ್ರಿಕ ವಿಷಯವೂ ಇದೆ. ನಮ್ಮ ಕರೆಂಟ್ 50 ಹರ್ಟ್ಸ್. ಛತ್ರದ ಲೈಟಿನಲ್ಲಿ ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಸಮಯ) 1/60 ಸೆಕೆಂಡ್ ಇಟ್ಟರೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಓಡುವುದು, ಮಿಣಮಿಣ ಅನ್ನುವುದು ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/50, ಸ್ಲೋ ಮೋಷನ್ ಬೇಕಾದರೆ 50 ಫ್ರೇಮಿಗೆ 1/100 ಇಡಿ. 50ರಲ್ಲಿ ತೆಗೆದದ್ದನ್ನು, ಎಡಿಟಿಂಗ್ ಮಾಡುವಾಗ ಶಾಟ್ ಜೋಡಿಸುವ ಸಾಲಾದ 25ರ ಟೈಮ್‌ಲೈನಿನಲ್ಲಿ ಹಾಕಿ ವೇಗವನ್ನು ಶೇ. 50ಕ್ಕೆ ಇಳಿಸಿದರೆ ಸರಿಯಾಗಿ ಅರ್ಧ ವೇಗ ಸಿಗುತ್ತದೆ, ಎಲ್ಲೂ ಕುಲುಕಾಟ ಇರುವುದಿಲ್ಲ.

ಕನ್ನಡ ಟೈಟಲ್ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಎಷ್ಟೋ ವಿಡಿಯೋಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂತಿರುತ್ತದೆ. ಮದುವೆ ಗಂಡಿನ ಹೆಸರೇ ತಪ್ಪಾಗಿರುತ್ತದೆ. ಪ್ರೀಮಿಯರ್ ಪ್ರೋ, ಆಫ್ಟರ್ ಎಫೆಕ್ಟ್ಸ್ ಎಂಬ ಎರಡು ಸಾಫ್ಟ್‌ವೇರ್‌ಗಳಲ್ಲೂ ಪ್ರಿಫರೆನ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ‘ಸೌತ್ ಏಷಿಯನ್ ಅಂಡ್ ಮಿಡ್ಲ್ ಈಸ್ಟರ್ನ್’ ಅಂತ ಬದಲಿಸಿದರೆ ಯೂನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಅಕಾಯ ಕನಡಕ ಇವೆಲ್ಲ ಪುಕ್ಕಟೆ ಸಿಗುವ ಫಾಂಟುಗಳು. ಟೈಟಲ್ ಎಷ್ಟು ಹೊತ್ತು ಪರದೆ ಮೇಲೆ ಇರಬೇಕು ಅಂದರೆ, ಜೋರಾಗಿ ಎರಡು ಸಲ ಓದಿ. ಅಷ್ಟು ಹೊತ್ತು ಇರಲಿ. ನಿಮ್ಮ ಅಮ್ಮನಿಗೂ ಓದಲು ಸಿಗಬೇಕು ಅಲ್ವಾ?

ಸಾಫ್ಟ್‌ವೇರ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮದುವೆ ಸ್ಟುಡಿಯೋಗಳಲ್ಲಿ ಎಡಿಯಸ್ ಜಾಸ್ತಿ, ಬೆಂಗಳೂರಿನ ಏಜೆನ್ಸಿಗಳಲ್ಲಿ ಪ್ರೀಮಿಯರ್. ಕಲಿಯುವುದಕ್ಕೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಧಾರಾಳ ಸಾಕು, 4ಕೆ ಯುಎಚ್‌ಡಿವರೆಗೆ ಎಕ್ಸ್‌ಪೋರ್ಟ್ ಆಗುತ್ತದೆ. ಲ್ಯಾಪ್‌ಟಾಪ್ ನಿಧಾನ ಇದ್ದರೆ ಪ್ರಾಕ್ಸಿ (ಅದೇ ಫೂಟೇಜಿನ ಹಗುರ ಕಾಪಿ) ಮಾಡಿಕೊಂಡು ಕೆಲಸ ಮಾಡಿ.

ಅಭ್ಯಾಸಕ್ಕೆ ಒಂದು ಕೆಲಸ ಹೇಳುತ್ತೇನೆ. ಒಂದು ಬೆಳಗ್ಗೆ ಹಳೇಬೀಡಿಗೆ ಹೋಗಿ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ವಿಶ್ವಪರಂಪರೆ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ರೀಲ್ಸ್ ಮಾಡುವವರು ತುಂಬಾ. ಎಲ್ಲರೂ ದೇವಸ್ಥಾನದ ಮುಂದೆ ಗಿರಗಿರ ತಿರುಗುತ್ತಾರೆ. ನೀವು ಹೊಯ್ಸಳೇಶ್ವರನ ಹೊರಗೋಡೆಯ ಹತ್ತಿರ ನಿಲ್ಲಿ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಇನ್ನೂ ಮೇಲೆ ಕುದುರೆ ಸವಾರರು, ಹಾಗೇ ರಾಮಾಯಣ, ಮಹಾಭಾರತದ ಕಥೆಗಳು. ಪ್ರದಕ್ಷಿಣೆ ಬರುತ್ತಾ ಒಂದು ಯುದ್ಧದ ದೃಶ್ಯ ಆರಿಸಿಕೊಳ್ಳಿ. ಬಿಲ್ಲು ಎಳೆದವನು ಒಂದು ಕಡೆ, ಬಾಣ ತಗುಲಿದವನು ಇನ್ನೊಂದು ಕಡೆ. ದೂರದ ಶಾಟ್, ನಡುವಿನದು, ತೀರಾ ಹತ್ತಿರದ್ದು, ಮೂರೂ ತೆಗೆಯಿರಿ. ಅಲುಗದ ಕಲ್ಲಿನಿಂದ ಒಂದು ನಿಮಿಷದ ಯುದ್ಧ ಕಟ್ಟಿ. ಹಾಡು ಬೇಡ, ಟ್ರಾನ್ಸಿಷನ್ ಬೇಡ. ಅಲ್ಲಿ ಸಿಗುವ ಸದ್ದು ಮಾತ್ರ. ಕಲ್ಲು ಅಲುಗುವುದಿಲ್ಲವಾದ್ದರಿಂದ ಚಲನೆ ಪೂರ್ತಿ ಕಟ್‌ನಿಂದಲೇ ಬರಬೇಕು. ಆ ಒಂದು ನಿಮಿಷ ಕಲಿಸುವಷ್ಟನ್ನು ಯಾವ ಟ್ಯುಟೋರಿಯಲ್ಲೂ ಕಲಿಸಲಾರದು. ಡ್ರೋನ್ ಮಾತ್ರ ತೆಗೆದುಕೊಂಡು ಹೋಗಬೇಡಿ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಈಗ ಬದುಕಿನ ಪ್ರಶ್ನೆ. ಹಾಸನದಲ್ಲಿದ್ದೇ ಬದುಕಬಹುದು. ಇಲ್ಲಿ ಮದುವೆ ಇದೆ, ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋಮ್‌ಸ್ಟೇ, ರೆಸಾರ್ಟ್‌ಗಳಿವೆ, ತಮ್ಮದೇ ಹೆಸರಿನಲ್ಲಿ ಕಾಫಿಪುಡಿ ಮಾರುವ ತೋಟದವರಿದ್ದಾರೆ, ಕೃಷಿ ಚಾನೆಲ್ ನಡೆಸುವವರಿದ್ದಾರೆ. ಬೆಂಗಳೂರಿನ ಸ್ಟುಡಿಯೋಗಳು ಹಾರ್ಡ್‌ಡಿಸ್ಕ್ ಕಳಿಸಿ ಕೆಲಸ ಮಾಡಿಸಿಕೊಳ್ಳುವುದೂ ಇದೆ. ಆದರೆ ಸಿನಿಮಾ ಎಡಿಟರ್ ಆಗಬೇಕು ಅಂತಿದ್ದರೆ ಬೆಂಗಳೂರಿಗೆ ಹೋಗಲೇಬೇಕು. ಅಲ್ಲಿ ಅಸಿಸ್ಟೆಂಟ್ ಆಗಿ ಸೌಂಡ್ ಸಿಂಕ್ ಮಾಡುವುದು (ಚಿತ್ರಕ್ಕೆ ಸದ್ದು ಹೊಂದಿಸುವುದು), ಶಾಟ್‌ಗಳನ್ನು ವಿಂಗಡಿಸುವುದು, ಇದರಿಂದ ಶುರು. ಸಂಬಳ ಮೊದಲಿಗೆ ತೀರಾ ಕಡಿಮೆ, ಮನೆಯಿಂದ ಸ್ವಲ್ಪ ಆಸರೆ ಬೇಕಾಗುತ್ತದೆ. ಓದುವ ಮನಸ್ಸಿದ್ದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿನ ಎಡಿಟಿಂಗ್ ಕೋರ್ಸಿಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಚಿತ್ರಕಲೆ, ಫೋಟೋಗ್ರಫಿಯ ಕಡೆ ಒಲವಿದ್ದರೆ ಮೈಸೂರಿನ ಕಾವಾ ಎಂಬ ದೃಶ್ಯಕಲಾ ಕಾಲೇಜು ನೋಡಿ.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ನನಗೆ ಒಂದು ರೆಸಾರ್ಟಿನವರು ‘ಇದೊಂದು ಸಣ್ಣ ಚೇಂಜ್’ ಅಂತ ತಿಂಗಳುಗಟ್ಟಲೆ ತಿದ್ದಿಸಿ, ಕೊನೆಗೆ ಬೇರೆ ಥರ ಮಾಡಿಸುತ್ತೇವೆ ಅಂತ ಬಾಕಿ ಕೊಡದೆ ಬಿಟ್ಟರು. ಅಲ್ಲಿಂದಾಚೆ ಅರ್ಧ ಅಡ್ವಾನ್ಸ್ ಇಲ್ಲದೆ ಟೈಮ್‌ಲೈನ್ ತೆರೆಯುವುದಿಲ್ಲ. ಎಷ್ಟು ಸಲ ತಿದ್ದಿ ಕೊಡುತ್ತೇನೆ ಅಂತ ವಾಟ್ಸಾಪಿನಲ್ಲಿ ಬರೆದು, ಅವರಿಂದ ‘ಓಕೆ’ ಹಾಕಿಸಿಕೊಳ್ಳುತ್ತೇನೆ. ಪೂರ್ತಿ ದುಡ್ಡು ಬರುವವರೆಗೆ ವಾಟರ್‌ಮಾರ್ಕ್ ಇರುವ ಕಾಪಿ ಮಾತ್ರ ಹೋಗುತ್ತದೆ. ಫೂಟೇಜಿನ ವಿಷಯದಲ್ಲಿ ಇದಕ್ಕಿಂತ ಕಟ್ಟುನಿಟ್ಟಾಗಿರಿ. ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 100 ಎಂಬಿಪಿಎಸ್‌ನಲ್ಲಿ ತೆಗೆದ 4ಕೆ ಒಂದು ಗಂಟೆಗೆ ಸುಮಾರು 45 ಜಿಬಿ ಆಗುತ್ತದೆ. ಮೂರು ಕಾಪಿ ಇರಲಿ, ಎರಡು ಬೇರೆ ಬೇರೆ ಬಗೆಯ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ಮುಹೂರ್ತವನ್ನು ಇನ್ನೊಂದು ಸಲ ಶೂಟ್ ಮಾಡಲು ಆಗುವುದಿಲ್ಲ.

ಕೆಲಸ ಕೇಳಲು ಯಾವಾಗ ಹೋಗಬೇಕು ಅಂದರೆ, ಆಷಾಢದಲ್ಲಿ ಹೋಗಿ. ಏಪ್ರಿಲ್, ಮೇ ಸೀಸನ್ನಿನಲ್ಲಿ ಸ್ಟುಡಿಯೋದವರಿಗೆ ನಿಮ್ಮ ಮುಖ ನೋಡಲೂ ಪುರುಸೊತ್ತಿರುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಆದರೆ ಸೀಸನ್ನಿನ ಹಾರ್ಡ್‌ಡಿಸ್ಕ್‌ಗಳು ರಾಶಿ ಬಿದ್ದಿರುತ್ತವೆ, ಮನೆಯವರ ಫೋನ್ ಮೇಲೆ ಫೋನ್ ಬರುತ್ತಿರುತ್ತದೆ. ಆಗ ಹಳೇಬೀಡಿನ ಆ ಒಂದು ನಿಮಿಷವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಹೈಲೈಟ್ಸ್ ಕೇಳಬೇಡಿ, ಪೂರ್ತಿ ಮದುವೆಯ ಲಾಂಗ್ ವಿಡಿಯೋ ಕೇಳಿ. ಅದನ್ನು ಯಾರೂ ಮಾಡಲು ಒಪ್ಪುವುದಿಲ್ಲ, ಹಾಗಾಗಿ ಕೊಟ್ಟೇ ಕೊಡುತ್ತಾರೆ. ಮೂರು ಕ್ಯಾಮೆರಾದ ಇಡೀ ದಿನದ ಫೂಟೇಜ್ ಕೂತು ನೋಡುವಾಗ ಹೆಡ್‌ಫೋನ್ ಹಾಕಿಕೊಂಡೇ ನೋಡಿ.