ಅಟ್ಟದ ಮೇಲಿನ ರೆಕಾರ್ಡುಗಳಿಗೆ ಸ್ಪಿರಿಟ್ ಹಚ್ಚುವ ಮೊದಲು

ತೀರ್ಥಹಳ್ಳಿಯ ಅಜ್ಜನ ಮನೆಯ ಅಟ್ಟದಲ್ಲಿ ಶಾಸ್ತ್ರೀಯ ಸಂಗೀತದ ರೆಕಾರ್ಡುಗಳು ಸಿಕ್ಕಿವೆ, ಬಿಳಿ ಬೂಷ್ಟು ಹಿಡಿದಿದೆ, ಸ್ಪಿರಿಟ್‌ನಲ್ಲಿ ಒರೆಸಬಹುದೇ, ಮಲೆನಾಡಿನಲ್ಲಿ ಈ ಸಂಗ್ರಹ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಸ್ಪಿರಿಟ್ ಬಾಟಲಿಯನ್ನು ಮೊದಲು ದೂರವಿಡಿ.

ಭಾರವಾಗಿದ್ದು, ಕೈಜಾರಿದರೆ ಬಳೆಯಂತೆ ಒಡೆಯುವವು ನಿಮಿಷಕ್ಕೆ 78 ಸುತ್ತಿನ ತಟ್ಟೆಗಳು. ಅವುಗಳಲ್ಲಿರುವುದು ಅರಗು, ಸ್ಪಿರಿಟ್ ತಾಗಿದರೆ ಕರಗುತ್ತದೆ, ಹಾಡೂ ಅದರೊಟ್ಟಿಗೇ ಹೋಗುತ್ತದೆ. ತುಸು ಬಾಗುವ, ಮೂವತ್ಮೂರು ಸುತ್ತಿನ ಎಲ್‌ಪಿ (ಲಾಂಗ್ ಪ್ಲೇ ತಟ್ಟೆ) ಮಾತ್ರ ವಿನೈಲ್ ಎಂಬ ಪ್ಲಾಸ್ಟಿಕ್. ಎರಡಕ್ಕೂ ಹೊಂದುವ ಉಪಾಯವೆಂದರೆ ಜಗಲಿಯಲ್ಲಿ ಕುಳಿತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆದುವಾದ ಬ್ರಷ್‌ನಿಂದ ಬೂಷ್ಟು ತೆಗೆಯುವುದು. ಆಮೇಲೆ ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ, ಗೆರೆಗಳ ಗುಂಟ ಒರೆಸಿ, ಬರೀ ನೀರಿನಲ್ಲಿ ಮತ್ತೊಮ್ಮೆ ಒರೆಸಿ ನೆರಳಿನಲ್ಲಿ ಆರಿಸಿ. ನಡುವಿನ ಲೇಬಲ್ ನೆನೆಯಬಾರದು.

ಇನ್ನು ನಮ್ಮ ಮಳೆ. ವಿನೈಲ್ ಬೂಷ್ಟಿಗೆ ಆಹಾರವಲ್ಲ. ಅದು ಬೆಳೆಯುವುದು ಧೂಳು, ಬೆರಳಿನ ಜಿಡ್ಡು ಮತ್ತು ಹಳೆಯ ಕಾಗದದ ಹೊದಿಕೆಯ ಮೇಲೆ. ಹಾಗಾಗಿ ಒಳಗಿನ ಕಾಗದ ಎಸೆದು ಪಾಲಿಥಿನ್ ಒಳಹೊದಿಕೆ ಹಾಕಿ. ಅಟ್ಟವಂತೂ ಬೇಡವೇ ಬೇಡ: ಬೇಸಿಗೆಯಲ್ಲಿ ಹೆಂಚಿನ ಕಾವಿಗೆ ತಟ್ಟೆ ಸೊಟ್ಟಗಾಗುತ್ತದೆ, ಪುನರ್ವಸು ಪುಷ್ಯ ಮಳೆಗೆ ಮತ್ತೆ ಬೂಷ್ಟು ಬರುತ್ತದೆ. ನಡುಮನೆಯ ಒಳಗೋಡೆಗೆ ತುಸು ದೂರದಲ್ಲಿ ಕಪಾಟು ಇಟ್ಟು, ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ. ಸಿಲಿಕಾ ಜೆಲ್ ಇಡಬಹುದು, ಆದರೆ ನಮ್ಮ ಥಂಡಿಗೆ ಅದು ಬೇಗ ಸೋಲುತ್ತದೆ, ಆಗಾಗ ಬಿಸಿಮಾಡಿ ಒಣಗಿಸಬೇಕು.

ಅಜ್ಜನ ಕೀಲಿ ಕೊಡುವ ಗ್ರಾಮಫೋನಿನ ಮೇಲೆ ಎಲ್‌ಪಿ ಇಡಬೇಡಿ, ಅದರ ಭಾರದ ಉಕ್ಕಿನ ಮುಳ್ಳು ವಿನೈಲ್ ಅನ್ನು ಕೆತ್ತಿಹಾಕುತ್ತದೆ. ರೆಕಾರ್ಡುಗಳನ್ನು ಗೋಡೆಗೆ ಅಲಂಕಾರವಾಗಿ ಹೊಡೆಯುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಹೊಸದಾಗಿ ಕೊಳ್ಳುವುದಾದರೆ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಎಲ್‌ಪಿಯಿಂದ ಶುರುಮಾಡಿ; ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದಷ್ಟು ಜಾಗವಿರುವುದರಿಂದ ರಾಗಕ್ಕೆ ಉಸಿರಾಡಲು ಬಿಡುವಿರುತ್ತದೆ. 78ರಲ್ಲಿ ಮೂರು ಚಿಲ್ಲರೆ ನಿಮಿಷದೊಳಗೆ ಹಿಂದೂಸ್ತಾನಿಯ ಖಯಾಲ್ ಗಾಯನ ಮುಗಿಯಬೇಕಿತ್ತು. ಆದರೂ ಅಟ್ಟದ ರಾಶಿಯನ್ನು ಲೇಬಲ್ ಓದದೆ ಯಾರಿಗೂ ಕೊಡಬೇಡಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದಿದ್ದವು; ಆಗಿನ ಕಂಠ ಎಷ್ಟು ಸಣ್ಣದೆಂದರೆ, ಕೇಳಿ ಗುರುತು ಹಿಡಿಯುವ ಭರವಸೆ ಇಟ್ಟುಕೊಳ್ಳಬೇಡಿ.