ಉತ್ತರ: ಚಿಪ್‌ನ ಪಿಎಂಯು ರಿಜಿಸ್ಟರುಗಳನ್ನು ಡಿವೈಸ್ ಟ್ರೀಯಲ್ಲಿ ಬರೆಯೋದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಹತ್ತಿರ ಇರುವುದು ಒಂದು ಹಳೆಯ ಟ್ಯಾಬ್ಲೆಟ್. ಅದರ ಚಿಪ್‌ನ ಪಿಎಂಯುನಲ್ಲಿ, ಅಂದರೆ ಪವರ್ ನೋಡಿಕೊಳ್ಳುವ ಭಾಗದಲ್ಲಿ, ಪವರ್ ಆನ್-ಆಫ್ ಮಾಡುವ ರಿಜಿಸ್ಟರುಗಳು (ಹಾರ್ಡ್‌ವೇರ್ ನಿಯಂತ್ರಿಸುವ ಬಿಟ್‌ಗಳ ಸಾಲು) ಎಲ್ಲಿವೆ ಅಂತ ಕಂಡುಹಿಡಿದಿದ್ದೀರಿ, ಸಣ್ಣ ಡ್ರೈವರ್ ಕೂಡ ಬರೆದಿದ್ದೀರಿ. ಈಗ ಬೈಂಡಿಂಗ್‌ನಲ್ಲಿ (ಡಿವೈಸ್ ಟ್ರೀ ಅಂದರೆ ಹಾರ್ಡ್‌ವೇರ್ ಹೇಗಿದೆ ಅಂತ ಓಎಸ್‌ಗೆ ಹೇಳುವ ಫೈಲ್, ಅದನ್ನು ಬರೆಯುವ ನಿಯಮವೇ ಬೈಂಡಿಂಗ್) ಆನ್ ಮಾಡುವ ಬಿಟ್ ಯಾವುದು, ಆಫ್ ಮಾಡುವ ಬಿಟ್ ಯಾವುದು, ಎಷ್ಟು ಹೊತ್ತು ಕಾಯಬೇಕು, ಡಿಸ್‌ಪ್ಲೇ ಆಫ್ ಮಾಡಬಾರದು, ಹೀಗೆ ಒಂದೊಂದಕ್ಕೂ ಒಂದು ಪ್ರಾಪರ್ಟಿ ಮಾಡಿದ್ದೀರಿ. ಒಟ್ಟು ಹದಿನಾಲ್ಕು. ಆದರೂ ಬೂಟ್ ಮುಗಿಯುವ ಹೊತ್ತಿಗೆ ಸೀರಿಯಲ್ ಕನ್ಸೋಲ್ (ತಂತಿಯ ಮೂಲಕ ಬೂಟ್ ಸಂದೇಶ ತೋರಿಸುವುದು) ಸತ್ತುಹೋಗುತ್ತಿದೆ. ಇವೆರಡೂ ಬೇರೆ ಬೇರೆ ತೊಂದರೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುತ್ತಿಲ್ಲ, ಎರಡರ ಬೇರೂ ಒಂದೇ: ಟ್ರೀಯಲ್ಲಿ ಬರೆಯಬೇಕಾದ ವೈರಿಂಗ್ ಬಿಟ್ಟು ಬೇರೆಯದನ್ನು ಬರೆದಿದ್ದೀರಿ.

ಫೋನ್‌ನಿಂದ ಬರೆಯುತ್ತಿದ್ದೇನೆ. ಅದಕ್ಕೆ ಪ್ರಾಪರ್ಟಿ ಹೆಸರುಗಳನ್ನೂ ಕನ್ನಡದಲ್ಲೇ ಹಾಕಿದ್ದೇನೆ. ಫೈಲ್‌ನಲ್ಲಿ ನೀವು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಕೊಳ್ಳಿ.

ಯಾವುದು ಡಿವೈಸ್ ಟ್ರೀಗೆ ಹೋಗಬೇಕು, ಯಾವುದು ಡ್ರೈವರ್‌ನಲ್ಲೇ ಇರಬೇಕು ಅನ್ನೋದಕ್ಕೆ ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ನಾಳೆ ಇದೇ ಬೋರ್ಡ್ ಮೇಲೆ ಲಿನಕ್ಸ್ ಬದಲು ಯು-ಬೂಟ್ ಬೂಟ್‌ಲೋಡರ್ ಅಥವಾ ಓಪನ್‌ಬಿಎಸ್‌ಡಿ ಓಎಸ್ ಓಡಿಸಿದರೆ ಈ ಸಾಲು ಆಗಲೂ ನಿಜವಾಗಿರುತ್ತಾ? 'ಡಿಸ್‌ಪ್ಲೇ ಬ್ಲಾಕಿಗೆ ಈ ಡೊಮೈನ್‌ನಿಂದ ಕರೆಂಟ್ ಬರುತ್ತದೆ' ಅನ್ನೋದು ಸಿಲಿಕಾನ್ ಒಳಗಿನ ವೈರಿಂಗ್ (ಡೊಮೈನ್ ಅಂದರೆ ಪವರ್ ಒಟ್ಟಿಗೆ ಆನ್-ಆಫ್ ಆಗುವ ಭಾಗ). ಯಾರು ಬೂಟ್ ಮಾಡಿದರೂ ಅದು ನಿಜ. 'ಡಿಸ್‌ಪ್ಲೇ ಆಫ್ ಮಾಡಬೇಡ' ಅನ್ನೋದು ನಿಮ್ಮ ಡ್ರೈವರ್ ಇನ್ನೂ ಮುಗಿದಿಲ್ಲ ಅನ್ನೋ ಮಾತು. ಅದು ಟ್ರೀಯಲ್ಲಿ ಇರಬಾರದು. ಒಮ್ಮೆ ಬೈಂಡಿಂಗ್ ಸೇರಿತು ಅಂದರೆ ಅದನ್ನು ಬೇಕಾದ ಹಾಗೆ ಬದಲಿಸೋಕಾಗಲ್ಲ. ಹಳೆಯ ಡಿಟಿಬಿ (ಕಂಪೈಲ್ ಆದ ಡಿವೈಸ್ ಟ್ರೀ) ಫೈಲ್ ಹೊಸ ಕರ್ನಲ್ ಜೊತೆಗೂ ಬೂಟ್ ಆಗಬೇಕು ಅನ್ನೋದು ನಿಯಮ. ಇವತ್ತಿನ ಅರೆಬರೆ ಡ್ರೈವರ್‌ಗಾಗಿ ಹಾಕಿದ ಪ್ರಾಪರ್ಟಿಯನ್ನು ಮುಂದೆ ಎಷ್ಟೋ ವರ್ಷ ಹೊತ್ತುಕೊಂಡು ತಿರುಗಬೇಕಾಗುತ್ತದೆ.

ಬಿಟ್ ನಂಬರುಗಳ ವಿಷಯ. 'ಅವು ಹಾರ್ಡ್‌ವೇರ್ ಸತ್ಯವೇ ಅಲ್ವಾ' ಅಂತ ಕೇಳಿದ್ದೀರಿ. ಹೌದು, ಸತ್ಯವೇ. ಆದರೆ ಆ ಸತ್ಯವನ್ನು ಹೇಳುವುದಕ್ಕೇ ಕಂಪ್ಯಾಟಿಬಲ್ ಸ್ಟ್ರಿಂಗ್ ಇರುವುದು. ಈ ಚಿಪ್‌ನ ಪಿಎಂಯು ಅಂತ ಹೆಸರು ಹೇಳಿದರೆ ಸಾಕು, ಯಾವ ಬಿಟ್ ಎಲ್ಲಿದೆ, ಎಷ್ಟು ಮೈಕ್ರೋಸೆಕೆಂಡ್ ಕಾಯಬೇಕು ಅನ್ನೋ ಟೇಬಲ್ ಡ್ರೈವರ್ ಒಳಗೆ ಕೂರುತ್ತದೆ. ತಪ್ಪಿದ್ದರೆ ಡ್ರೈವರ್‌ನಲ್ಲಿ ತಿದ್ದಬಹುದು, ಜನರ ಡಿಟಿಬಿ ಮುಟ್ಟಬೇಕಾಗಿಲ್ಲ. ಅದಕ್ಕೇ ಕಂಪ್ಯಾಟಿಬಲ್‌ನಲ್ಲಿ ಚಿಪ್‌ನ ಪೂರ್ತಿ ಹೆಸರು ಬರಬೇಕು. ಕೊನೆಯ ಅಂಕೆಗಳ ಜಾಗದಲ್ಲಿ ಎಕ್ಸ್ ಎಕ್ಸ್ ಅಂತ ಹಾಕಿ ಇಡೀ ಸರಣಿಗೆ ಒಂದೇ ಹೆಸರು ಕೊಡಬೇಡಿ. ಮುಂದಿನ ಚಿಪ್‌ನಲ್ಲಿ ಒಂದು ಬಿಟ್ ಜಾಗ ಬದಲಾದರೆ ಅಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ಎರಡು ಚಿಪ್ ನಿಜಕ್ಕೂ ಒಂದೇ ಥರ ಇದ್ದರೆ ಹೊಸದರ ಹೆಸರು ಮೊದಲು, ಹಳೆಯದರ ಹೆಸರು ಅದರ ಹಿಂದೆ.

ಇನ್ನು ನೋಡ್‌ಗಳ, ಅಂದರೆ ಟ್ರೀಯಲ್ಲಿ ಒಂದೊಂದು ಹಾರ್ಡ್‌ವೇರ್ ಭಾಗದ ವಿವರಣೆಯ, ಆಕಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ.

ಪವರ್ ಕೊಡುವ ನೋಡ್‌ನಲ್ಲಿ 'ಪವರ್-ಡೊಮೈನ್-ಸೆಲ್ಸ್' ಇರಬೇಕು, ಹೆಸರಿನ ಶುರುವಿನಲ್ಲಿ ಹ್ಯಾಶ್ ಚಿಹ್ನೆ. ಪವರ್ ತೆಗೆದುಕೊಳ್ಳುವ ನೋಡ್‌ನಲ್ಲಿ 'ಪವರ್-ಡೊಮೈನ್ಸ್' ಇರಬೇಕು. ಆ ಸೆಲ್ಸ್ ಬೆಲೆ 0 ಅಂದರೆ ಈ ನೋಡ್ ಒಂದೇ ಡೊಮೈನ್. 1 ಅಂದರೆ ಈ ನೋಡ್ ಒಳಗೆ ಹಲವು ಡೊಮೈನ್ ಇವೆ, ಬಳಸುವವರು ನಂಬರ್ ಹೇಳಿ ಕೇಳಬೇಕು. ನೋಡ್ ಹೆಸರು ಪವರ್-ಕಂಟ್ರೋಲರ್ ಅಂತ ಇರಲಿ. ನೀವು ಇಟ್ಟಿರುವ 'ಪಿಎಂಯು-ಡ್ರೈವರ್' ಬೇಡ, ಡ್ರೈವರ್ ಅನ್ನೋ ಪದವೇ ಟ್ರೀಯಲ್ಲಿ ಬರಬಾರದು.

0 ಬೇಕಾ 1 ಬೇಕಾ ಅನ್ನೋದನ್ನು ಚಿಪ್ ನೋಡಿ ತೀರ್ಮಾನ ಮಾಡಿ. ಆಪಲ್‌ನ ಎಂ1 ಚಿಪ್ ಒಳ್ಳೆಯ ಉದಾಹರಣೆ. ಅಲ್ಲಿ ಪ್ರತಿ ಬ್ಲಾಕಿಗೂ 32 ಬಿಟ್‌ನ ತನ್ನದೇ ಒಂದು ರಿಜಿಸ್ಟರ್ ಇದೆ. ಅದರ ಕೆಳಗಿನ 4 ಬಿಟ್‌ನಲ್ಲಿ ನಮಗೆ ಬೇಕಾದ ಸ್ಥಿತಿ ಬರೆಯುತ್ತೇವೆ. 15 ಅಂದರೆ ಪೂರ್ತಿ ಆನ್, 4 ಅಂದರೆ ಕ್ಲಾಕ್ ಮಾತ್ರ ಬಂದ್, 0 ಅಂದರೆ ಕರೆಂಟೇ ಬಂದ್. ಅದರ ಮೇಲಿನ 4 ಬಿಟ್‌ನಲ್ಲಿ ಹಾರ್ಡ್‌ವೇರ್ ತಾನು ಈಗ ನಿಜವಾಗಿ ಯಾವ ಸ್ಥಿತಿಯಲ್ಲಿದ್ದೇನೆ ಅಂತ ಹೇಳುತ್ತದೆ. ಕೆಳಗೆ 15 ಬರೆದು, ಮೇಲೂ 15 ಕಾಣುವವರೆಗೆ ಕಾಯಬೇಕು. ಅದೇ ರಿಜಿಸ್ಟರ್‌ನ 31ನೇ ಬಿಟ್ ಆ ಬ್ಲಾಕಿನ ರೀಸೆಟ್. ಇಷ್ಟು ಅಚ್ಚುಕಟ್ಟಾಗಿ ಒಂದೊಂದು ರಿಜಿಸ್ಟರ್ ಒಂದೊಂದು ಡೊಮೈನ್ ಆಗಿರುವಾಗ ಒಂದೊಂದು ನೋಡ್ ಮಾಡುವುದೇ ಸರಿ. ಅಲ್ಲಿ ಮಾಡಿರುವುದೂ ಹಾಗೇ. ಇಡೀ ರಿಜಿಸ್ಟರ್ ಪ್ರದೇಶಕ್ಕೆ ಒಂದು ತಾಯಿ ನೋಡ್, ಅದರ ಕಂಪ್ಯಾಟಿಬಲ್ ಕೊನೆಯಲ್ಲಿ ಸಿಸ್ಕಾನ್ (ಹಲವು ಡ್ರೈವರ್ ಹಂಚಿಕೊಳ್ಳುವ ರಿಜಿಸ್ಟರ್ ಪ್ರದೇಶ) ಮತ್ತು ಸಿಂಪಲ್-ಎಂಎಫ್‌ಡಿ (ಒಳಗಿನ ಮಗು ನೋಡ್‌ಗಳೂ ಡಿವೈಸ್‌ಗಳೇ ಅನ್ನೋ ಗುರುತು). ಅದರೊಳಗೆ ಒಂದೊಂದು ಡೊಮೈನಿಗೆ 4 ಬೈಟ್‌ನ ಒಂದೊಂದು ಮಗು ನೋಡ್, ಸೆಲ್ಸ್ 0. ರೀಸೆಟ್ ಕೂಡ ಅದೇ ರಿಜಿಸ್ಟರ್‌ನಲ್ಲಿ ಇರುವುದರಿಂದ ಅದೇ ನೋಡ್ ರೀಸೆಟ್ ಕೊಡುವ ಕೆಲಸವನ್ನೂ ಮಾಡುತ್ತದೆ.

ರಾಕ್‌ಚಿಪ್‌ನ ಆರ್‌ಕೆ3399 ಹಾಗಿಲ್ಲ. ಅಲ್ಲಿ ಒಂದೇ ರಿಜಿಸ್ಟರ್‌ನಲ್ಲಿ ಹತ್ತಾರು ಡೊಮೈನ್‌ಗಳ ಬಿಟ್‌ಗಳು ಒತ್ತೊತ್ತಾಗಿ ಕೂತಿವೆ. ಸ್ಥಿತಿ ನೋಡುವ ರಿಜಿಸ್ಟರ್ ಬೇರೆ ಜಾಗದಲ್ಲಿದೆ, ಬಸ್ (ಬ್ಲಾಕುಗಳ ನಡುವೆ ಡೇಟಾ ಹರಿಯುವ ದಾರಿ) ನಿಲ್ಲಿಸಲು ಕೇಳುವ ರಿಜಿಸ್ಟರ್ ಇನ್ನೊಂದು ಕಡೆ ಇದೆ. ಒಂದು ಡೊಮೈನ್‌ನ ವಿಳಾಸ ಇದು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಅದಕ್ಕೆ ಅಲ್ಲಿ ಒಂದೇ ಪವರ್-ಕಂಟ್ರೋಲರ್, ಸೆಲ್ಸ್ 1, ಡೊಮೈನ್‌ಗಳಿಗೆ ಹೆಡರ್ ಫೈಲ್‌ನಲ್ಲಿ ನಂಬರ್. ಅದರೊಳಗೆ ಒಂದೊಂದು ಡೊಮೈನಿಗೂ ಚಿಕ್ಕ ನೋಡ್ ಇದೆ. ಅದರಲ್ಲಿ ಆನ್-ಆಫ್ ಮಾಡುವಾಗ ಯಾವ ಕ್ಲಾಕ್ ಓಡುತ್ತಿರಬೇಕು, ಯಾವ ಕ್ಯೂಒಎಸ್ (ಬಸ್‌ನಲ್ಲಿ ಯಾರಿಗೆ ಆದ್ಯತೆ) ಸೆಟ್ಟಿಂಗ್ ಉಳಿಸಿ ವಾಪಸ್ ಹಾಕಬೇಕು ಅಂತ ಬರೆದಿದ್ದಾರೆ. ಇದೂ ಸರಿಯೇ, ಯಾಕೆಂದರೆ ಆ ಕ್ಲಾಕ್ ಅಲ್ಲಿಗೆ ಬರುವುದು ವೈರಿಂಗ್.

ನೀವು ಹಾಕಿರುವ ಫೋಟೋ ನೋಡಿದರೆ ನಿಮ್ಮದು ಎರಡನೇ ಥರ. ಒಂದೇ ರಿಜಿಸ್ಟರ್, ಹನ್ನೊಂದು ಬಿಟ್. ಹಾಗಾಗಿ ಸೆಲ್ಸ್ 1 ಇಟ್ಟು, ಹಾರ್ಡ್‌ವೇರ್ ಬಿಟ್ ನಂಬರನ್ನೇ ಡೊಮೈನ್ ನಂಬರ್ ಮಾಡಿ. ಹೆಡರ್ ಫೈಲ್ ಮಾಡುವುದಾದರೆ ಒಮ್ಮೆ ಕೊಟ್ಟ ನಂಬರನ್ನು ಮತ್ತೆ ಬದಲಿಸಬೇಡಿ. ಹೊಸ ಡೊಮೈನ್ ಸಿಕ್ಕಿದರೆ ಹೊಸ ನಂಬರ್, ಹಳೆಯವುಗಳ ಸಾಲು ಸರಿಸಬಾರದು.

ಸಿಸ್ಕಾನ್ ಬಗ್ಗೆ ಒಂದು ಮಾತು. ಪಿಎಂಯು ಪ್ರದೇಶದಲ್ಲಿ ಪವರ್ ಬಿಟ್ ಪಕ್ಕದಲ್ಲೇ ರೀಬೂಟ್ ರಿಜಿಸ್ಟರ್, ಇನ್ನೇನೇನೋ ಇರುತ್ತವೆ. ಬೇರೆ ಬೇರೆ ಡ್ರೈವರ್‌ಗಳು ಅದನ್ನೇ ಮುಟ್ಟಬೇಕಾದಾಗ ಸಿಸ್ಕಾನ್ ಬೇಕು. ಆದರೆ ಅದನ್ನೊಂದನ್ನೇ ಬರೆದರೆ ಸ್ಕೀಮಾ (ಟ್ರೀಯನ್ನು ಪರೀಕ್ಷಿಸುವ ನಿಯಮದ ಫೈಲ್) ಒಪ್ಪುವುದಿಲ್ಲ, ಮೊದಲು ನಿಮ್ಮ ಚಿಪ್‌ನ ಹೆಸರು ಬರಬೇಕು. ರೀಬೂಟ್‌ಗೆ ಡ್ರೈವರ್ ಬರೆಯಲು ಹೋಗಬೇಡಿ, ಸಿಸ್ಕಾನ್-ರೀಬೂಟ್ ಅಂತ ಈಗಾಗಲೇ ಇದೆ, ಆಫ್‌ಸೆಟ್ ಮತ್ತು ಬೆಲೆ ಕೊಟ್ಟರೆ ಆಯಿತು.

ಈಗ ಸತ್ತುಹೋಗುವ ಕನ್ಸೋಲ್. ನನಗೂ ಮೊದಲ ಬೋರ್ಡ್‌ನಲ್ಲಿ ಇದೇ ಆಯಿತು. ಮೂರು ರಾತ್ರಿ ಕೂತಿದ್ದೆ. ಲಾಗ್‌ನ ಕೊನೆಯ ಸಾಲು ಪ್ರತಿ ಸಲವೂ ಒಂದೇ: ಜೆನ್‌ಪಿಡಿ (ಕರ್ನಲ್‌ನ ಪವರ್ ಡೊಮೈನ್ ವಿಭಾಗ), ಬಳಸದ ಪವರ್ ಡೊಮೈನ್‌ಗಳನ್ನು ಆಫ್ ಮಾಡಲಾಗುತ್ತಿದೆ. ಆಮೇಲೆ ನಿಶ್ಶಬ್ದ. ಮೊದಲೆರಡು ದಿನ ನಾನು ಆ ಸಾಲನ್ನು ಸುಮ್ನೆ ಮಾಹಿತಿ ಅಂದುಕೊಂಡು ಬೇರೆಲ್ಲೋ ಹುಡುಕಿದೆ. ಉತ್ತರ ಆ ಸಾಲಿನಲ್ಲೇ ಇತ್ತು. ನಾನು ಡೊಮೈನ್‌ಗಳನ್ನು ಬರೆದಿದ್ದೆ, ಆದರೆ ಯುಎಆರ್‌ಟಿ (ಸೀರಿಯಲ್ ಕನ್ಸೋಲ್ ನಡೆಸುವ ಬ್ಲಾಕ್) ನೋಡ್‌ನಲ್ಲಿ ಪವರ್-ಡೊಮೈನ್ಸ್ ಬರೆದಿರಲಿಲ್ಲ. ಬೂಟ್‌ಲೋಡರ್ ಆನ್ ಮಾಡಿಟ್ಟಿದ್ದರಿಂದ ಅಲ್ಲಿಯವರೆಗೆ ಕೆಲಸ ಮಾಡುತ್ತಿತ್ತು. ಕರ್ನಲ್ ಬೂಟ್‌ನ ಕೊನೆಯಲ್ಲಿ ಒಂದು ಸುತ್ತು ಹೊಡೆದು, ಯಾರೂ ಹಿಡಿದುಕೊಳ್ಳದ ಡೊಮೈನ್‌ಗಳನ್ನು ಆಫ್ ಮಾಡುತ್ತದೆ. ಯುಎಆರ್‌ಟಿಯ ಡೊಮೈನ್ ಯಾರದೂ ಅಲ್ಲ ಅಂತ ಅದಕ್ಕೆ ಕಂಡಿತು. ಆಫ್ ಆದ ಬ್ಲಾಕಿನ ರಿಜಿಸ್ಟರ್ ಓದಲು ಹೋದರೆ ಬಸ್‌ನಿಂದ ಉತ್ತರವೇ ಬರುವುದಿಲ್ಲ. ಕೆಲವು ಚಿಪ್ ಎಸ್‌ಎರರ್ ಅನ್ನೋ ಹಾರ್ಡ್‌ವೇರ್ ದೋಷ ಕೊಡುತ್ತವೆ, ಕೆಲವು ಹಾಗೇ ನಿಂತುಬಿಡುತ್ತವೆ.

ನಿಮ್ಮಲ್ಲೂ ಇದೇ ಅನ್ನೋದಕ್ಕೆ ಪರೀಕ್ಷೆ ಸುಲಭ. ಕರ್ನಲ್ ಕಮಾಂಡ್ ಲೈನ್‌ಗೆ 'ಪಿಡಿ_ಇಗ್ನೋರ್_ಅನ್‌ಯೂಸ್ಡ್' ಸೇರಿಸಿ ಬೂಟ್ ಮಾಡಿ. ಕನ್ಸೋಲ್ ಬದುಕಿದರೆ ಎಲ್ಲೋ ಪವರ್-ಡೊಮೈನ್ಸ್ ಬಿಟ್ಟುಹೋಗಿದೆ. ಬದುಕದಿದ್ದರೆ 'ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್' ಹಾಕಿ ನೋಡಿ, ಆಗ ಬದುಕಿದರೆ ಕ್ಲಾಕ್ ಕಡೆ ತಪ್ಪಿದೆ ಅಂತ ಅರ್ಥ. ಇವೆರಡೂ ಹುಡುಕುವಾಗ ಮಾತ್ರ, ಖಾಯಂ ಮದ್ದಲ್ಲ. ಬೂಟ್ ಆದ ಮೇಲೆ ಡಿಬಗ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಜಾಗ) ಪಿಎಂ_ಜೆನ್‌ಪಿಡಿ ಫೋಲ್ಡರ್ ಒಳಗಿನ ಸಮ್ಮರಿ ಫೈಲ್ ತೆರೆಯಿರಿ. ಯಾವ ಡೊಮೈನ್ ಆನ್, ಯಾವುದರ ಕೆಳಗೆ ಯಾವ ಡಿವೈಸ್ ಅಂತ ಪಟ್ಟಿ ಸಿಗುತ್ತದೆ. ನನಗೆ ಇದಕ್ಕಿಂತ ಉಪಯೋಗದ ಫೈಲ್ ಇನ್ನೊಂದಿಲ್ಲ.

ಡೊಮೈನ್ ಒಳಗೆ ಡೊಮೈನ್ ಇರುವುದೂ ಉಂಟು. ವಿಡಿಯೋ ಡಿಕೋಡರ್ ಓಡಬೇಕಾದರೆ ಅದರ ಬಸ್‌ನ ಡೊಮೈನ್ ಮೊದಲು ಆನ್ ಆಗಿರಬೇಕು ಅಂತಿಟ್ಟುಕೊಳ್ಳಿ. ಡಿಕೋಡರ್ ನೋಡ್‌ನಲ್ಲಿ ಎರಡನ್ನೂ ಬರೆಯಬೇಡಿ. ಡಿಕೋಡರ್‌ನ ಡೊಮೈನ್ ನೋಡ್‌ನಲ್ಲೇ ಪವರ್-ಡೊಮೈನ್ಸ್ ಹಾಕಿ ಬಸ್‌ನ ಡೊಮೈನ್ ಕಡೆ ತೋರಿಸಿ, ಅಥವಾ ಒಂದರೊಳಗೆ ಒಂದು ನೋಡ್ ಇಡುವ ಬೈಂಡಿಂಗ್ ಆದರೆ ಹಾಗೆ ಇಡಿ. ಕ್ರಮವನ್ನು ಕರ್ನಲ್ ನೋಡಿಕೊಳ್ಳುತ್ತದೆ. ಒಂದು ಡಿವೈಸ್‌ಗೆ ನಿಜಕ್ಕೂ ಎರಡು ಪ್ರತ್ಯೇಕ ಡೊಮೈನ್ ಇದ್ದಾಗ ಮಾತ್ರ ಎರಡನ್ನು ಬರೆದು ಪವರ್-ಡೊಮೈನ್-ನೇಮ್ಸ್ ಕೊಡಿ. ಆಗ ಒಂದು ಎಚ್ಚರ ಬೇಕು. ಒಂದೇ ಡೊಮೈನ್ ಇದ್ದರೆ ಕರ್ನಲ್ ತಾನೇ ಜೋಡಿಸಿಕೊಳ್ಳುತ್ತದೆ. ಒಂದಕ್ಕಿಂತ ಜಾಸ್ತಿ ಇದ್ದರೆ ಡ್ರೈವರ್ ಕೈಯಾರೆ ಜೋಡಿಸಬೇಕು. ಎರಡು ಬರೆದು ಯಾವುದೂ ಆನ್ ಆಗುತ್ತಿಲ್ಲ ಅಂತ ತಲೆ ಕೆಡಿಸಿಕೊಂಡವರು ಈ ಗುಂಪಿನಲ್ಲೇ ಇದ್ದಾರೆ.

ಡಿಡಿಆರ್ (ಮೆಮೊರಿ) ಕಂಟ್ರೋಲರ್ ಅಥವಾ ಇಂಟರಪ್ಟ್ ಕಂಟ್ರೋಲರ್ ಇರುವ ಡೊಮೈನ್ ಬೇರೆ ಮಾತು. ಅದನ್ನು ಆಫ್ ಮಾಡಿದರೆ ಯಾವ ಓಎಸ್ ಇದ್ದರೂ ಚಿಪ್ ನಿಲ್ಲುತ್ತದೆ. ಅದು ಸದಾ ಆನ್ ಇರಬೇಕು ಅನ್ನೋದು ಹಾರ್ಡ್‌ವೇರ್ ಸತ್ಯವೇ. ಆಪಲ್ ಬೈಂಡಿಂಗ್‌ನಲ್ಲಿ ಇದಕ್ಕೆ ಆಲ್ವೇಸ್-ಆನ್ ಅಂತ ಪ್ರಾಪರ್ಟಿ ಇದೆ. ನಿಮ್ಮ ಥರದ ಚಿಪ್‌ನಲ್ಲಿ ಡ್ರೈವರ್ ಟೇಬಲ್‌ನಲ್ಲಿ ಒಂದು ಫ್ಲ್ಯಾಗ್ ಹಾಕಿದರೆ ಸಾಕು, ನಾನಾದರೆ ಹಾಗೇ ಮಾಡುತ್ತೇನೆ.

ಪಿಎಂಐಸಿ (ಬೋರ್ಡಿಗೆ ವೋಲ್ಟೇಜ್ ಕೊಡುವ ಚಿಪ್) ಇದರಲ್ಲಿ ಬೆರೆಸಬೇಡಿ. ಅದು ಬೋರ್ಡ್ ಮೇಲೆ ಐ2ಸಿ ತಂತಿಯ ಆಚೆ ಇರುವ ಬೇರೆ ಚಿಪ್. ಅದರದ್ದು ರೆಗ್ಯುಲೇಟರ್ ಬೈಂಡಿಂಗ್, ಬರೆಯುವ ಜಾಗ ಬೋರ್ಡ್‌ನ ಡಿಟಿಎಸ್ (ಡಿವೈಸ್ ಟ್ರೀಯ ಮೂಲ ಫೈಲ್). ಪಿಎಂಯು ಚಿಪ್ ಒಳಗಿನದ್ದು, ಅದು ಹಲವು ಬೋರ್ಡ್ ಹಂಚಿಕೊಳ್ಳುವ, ಚಿಪ್‌ನ ಡಿಟಿಎಸ್‌ಐ ಫೈಲ್‌ಗೆ ಹೋಗುತ್ತದೆ. ಸಿಪಿಯು ಕೋರ್‌ಗಳನ್ನೂ ಬಿಟ್ಟುಬಿಡಿ. ನಿಮ್ಮ ಬೂಟ್ ಲಾಗ್‌ನಲ್ಲಿ ಪಿಎಸ್‌ಸಿಐ (ಕೋರ್ ಆನ್-ಆಫ್ ಮಾಡಲು ಫರ್ಮ್‌ವೇರನ್ನು ಕೇಳುವ ವಿಧಾನ) ಕಾಣುತ್ತಿದೆ, ಅಂದರೆ ಕೋರ್‌ಗಳ ಪವರ್ ಫರ್ಮ್‌ವೇರ್ ಕೈಯಲ್ಲಿದೆ. ಒಂದೇ ಸ್ವಿಚ್‌ಗೆ ಇಬ್ಬರು ಕೈ ಹಾಕಬಾರದು.

ಬರೆದ ಮೇಲೆ ಪರೀಕ್ಷೆ. ಬೈಂಡಿಂಗ್ ಈಗ ಯಾಮಲ್ ಸ್ಕೀಮಾ. ಲೈಸೆನ್ಸ್ ಸಾಲಿನಲ್ಲಿ ಜಿಪಿಎಲ್-2.0-ಓನ್ಲಿ ಅಥವಾ ಬಿಎಸ್‌ಡಿ-2-ಕ್ಲಾಜ್, ಎರಡೂ ಇರಲಿ, ಬೇರೆ ಓಎಸ್‌ನವರೂ ಬಳಸಬೇಕಲ್ಲ. ಕೆಳಗೆ ಹೆಚ್ಚುವರಿ ಪ್ರಾಪರ್ಟಿ ಬೇಡ ಅನ್ನೋ ಸಾಲು ಮರೆಯಬೇಡಿ, ಅದಿಲ್ಲದಿದ್ದರೆ ತಪ್ಪು ಕಾಗುಣಿತವೂ ಪಾಸ್ ಆಗುತ್ತದೆ. ಮೊದಲು ಮೇಕ್ ಡಿಟಿ_ಬೈಂಡಿಂಗ್_ಚೆಕ್, ಆಮೇಲೆ ಮೇಕ್ ಡಿಟಿಬಿಎಸ್_ಚೆಕ್. ಮೊದಲನೆಯದು ಸ್ಕೀಮಾ ಮತ್ತು ಅದರೊಳಗಿನ ಉದಾಹರಣೆ ನೋಡುತ್ತದೆ, ಎರಡನೆಯದು ನಿಮ್ಮ ನಿಜವಾದ ಡಿಟಿಎಸ್ ನೋಡುತ್ತದೆ. ಪ್ಯಾಚ್ ಮಾಡುವಾಗ ಬೈಂಡಿಂಗ್ ಒಂದು, ಡ್ರೈವರ್ ಇನ್ನೊಂದು, ಬೈಂಡಿಂಗ್ ಮೊದಲು.

ಇವತ್ತು ಹದಿನಾಲ್ಕು ಪ್ರಾಪರ್ಟಿಗಳನ್ನು ಮುಟ್ಟಬೇಡಿ. ಯುಎಆರ್‌ಟಿ ಯಾವ ಬಿಟ್‌ನ ಕೆಳಗಿದೆ ಅಂತ ಮೊದಲು ಹುಡುಕಿ, ಯು-ಬೂಟ್ ಪ್ರಾಂಪ್ಟ್‌ನಿಂದ ಒಂದೊಂದೇ ಬಿಟ್ ಆಫ್ ಮಾಡುತ್ತಾ ಹೋದರೆ ಪ್ರಾಂಪ್ಟ್ ನಿಂತ ಬಿಟ್ ಅದಾಗಿರಬಹುದು (ಡಿಡಿಆರ್ ಬಿಟ್ ಆಫ್ ಆದರೂ ಪ್ರಾಂಪ್ಟ್ ನಿಲ್ಲುತ್ತದೆ). ಆಮೇಲೆ ಆ ಒಂದು ಸಾಲು ಸೇರಿಸಿ ಬೂಟ್ ಮಾಡಿ, ಸಮ್ಮರಿ ಫೈಲ್‌ನಲ್ಲಿ ಬಂದದ್ದನ್ನು ಪೂರ್ತಿ ಇಲ್ಲಿ ಹಾಕಿ. ಉಳಿದ ಹತ್ತು ಡೊಮೈನ್‌ಗಳನ್ನು ಒಟ್ಟಿಗೆ ನೋಡೋಣ.